ಕಣ್ಣು ಮುಚ್ಚಿ ಕಾರು ನೋಡುತ್ತಿದ್ದ ಸಿದ್ದಪ್ಪ ಕಾಕಾ

ಕಾರು ನೋಡುವಾಗ ಸಿದ್ದಪ್ಪ ಕಾಕಾ ಕಣ್ಣು ಮುಚ್ಚುತ್ತಿದ್ದರು. ಅಂಗೈಯನ್ನು ತಗಡಿನ ಮೇಲಿಟ್ಟು ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಮೆಲ್ಲಗೆ ಸವರಿಕೊಂಡು ಹೋಗುತ್ತಿದ್ದರು. "ಕಣ್ಣು ಬಣ್ಣಕ್ಕ ಮರುಳಾಗ್ತಾವ, ತಮ್ಮಾ," ಎನ್ನುತ್ತಿದ್ದರು. ಕುರಿ ಕಾಯುವ ಮನೆತನ ಅವರದು. ಅವರಪ್ಪ ಬೆನ್ನು ಮುಟ್ಟಿಯೇ ಕುರಿಯ ಆರೋಗ್ಯ ಹೇಳುತ್ತಿದ್ದರಂತೆ. ಕಾಕಾ ಘಟಪ್ರಭಾದಲ್ಲಿ ಡಿಕ್ಕಿಯಾಗಿ ನುಗ್ಗಾದ ಕಾರು ಸರಿಮಾಡುವ ಗ್ಯಾರೇಜು ಇಟ್ಟಿದ್ದರು. ಬಾಜೂದ ಅಂಗಡಿಯಲ್ಲಿ ನಾನು ನಂಬರ್ ಪ್ಲೇಟ್ ಬರೆಯುತ್ತಿದ್ದೆ.

ಒಮ್ಮೆ ಹುಕ್ಕೇರಿಯ ಡಾಕ್ಟರೊಬ್ಬರು ಹಳೇ ಕಾರು ಕೊಂಡು ತೋರಿಸಲು ತಂದರು. ಕಾಕಾ ಹಿಂದಿನ ಬಾಗಿಲ ಹತ್ತಿರ ಕೈ ನಿಲ್ಲಿಸಿ, ಇಲ್ಲಿ ಒಮ್ಮೆ ಜೋರಾಗಿ ಬಡಿದಿದೆ ಎಂದರು. ಡಾಕ್ಟರ ಮುಖ ಸಪ್ಪಗಾಯಿತು. "ಚಿಂತಿ ಮಾಡಬ್ಯಾಡ್ರಿ. ರಿಪೇರಿ ಮಾಡಿದಾವ ನನಗಿಂತ ಚಲೋ ಮಾಡ್ಯಾನ," ಎಂದರು ಕಾಕಾ. ಅಂದಿನಿಂದ ಇಬ್ಬರೂ ದೋಸ್ತರು.

ಕಾಕಾರಿಗೆ ಒಂದು ಸ್ಪೋರ್ಟ್ಸ್ ಕಾರಿನ ಮೇಲೆ ಜೀವ. ಅದರ ಚಿತ್ರವನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದರು. ಕಂಪನಿಯವರು ಅದರ ರೂಪ ಬದಲಿಸಿದಾಗ ಹೊಸದರ ಫೋಟೋವನ್ನು ನನ್ನ ಮೊಬೈಲಿನಲ್ಲಿ ತೋರಿಸಿದೆ. ದೀಪ ಸಣ್ಣಗಾಗಿವೆ, ಮೈ ಸಪಾಟಾಗಿದೆ, ಉಣ್ಣೆ ಕತ್ತರಿಸಿದ ಕುರಿಯಂತೆ ಕಾಣುತ್ತದೆ ಎಂದು ವಾರಗಟ್ಟಲೆ ಬೈದರು.

ಆಮೇಲೊಂದು ದಿನ ಡಾಕ್ಟರ ಫೋನು ಬಂತು. ಅವರ ಅಳಿಯ ಪುಣೆಯಿಂದ ಅದೇ ಹೊಸ ಕಾರು ತಂದಿದ್ದಾನೆ, ಬಂದು ನೋಡಿ ಎಂದು. ಕಾಕಾ ಒಲ್ಲೆ ಎಂದರು. ಸಕ್ಕರೆ ಕಾಯಿಲೆಯಿಂದ ಬೆರಳುಗಳು ಜೋಮು ಹಿಡಿಯತೊಡಗಿ, ಅವರು ಆಗಲೇ ಒಂದೊಂದೇ ಕೆಲಸ ಬಿಡುತ್ತಿದ್ದರು. ಮುಟ್ಟಿದರೂ ಕೈಗೆ ಏನೂ ತಿಳಿಯದೆ ಹೋದೀತೆಂದು ಅವರು ಅಂಜುತ್ತಿದ್ದಾರೆಂದು ನನಗೆ ತಿಳಿಯಿತು. ಬೈಕು ಚಾಲೂ ಮಾಡಿ ನಿಂತೆ. ಸ್ವಲ್ಪ ಹೊತ್ತಿಗೆ ಬಂದು ಹಿಂದೆ ಕುಳಿತರು.

ಡಾಕ್ಟರ ಅಂಗಳದಲ್ಲಿ ಕಾರು ಬಿಸಿಲಿಗೆ ನಿಂತಿತ್ತು. ಕಾಕಾ ಮೂರು ಸುತ್ತು ಬಂದರು. ಮುಟ್ಟಲೇ ಎಂದು ಅಳಿಯನನ್ನು ಕೇಳಿ, ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಕಣ್ಣು ಮುಚ್ಚಿದರು. ಕೈ ಮುಂದಿನ ಗಾಲಿಯ ಮೇಲಿಂದ ಹೊರಟು ಬಾಗಿಲ ನಡುವೆ ನಿಂತಿತು. ಹಿಂದೆ ಬಂದು ಮತ್ತೆ ಸವರಿತು.

"ಇಲ್ಲಿ ಮೈ ತಗ್ಗಿಗೆ ಇಳದೈತಿ," ಎಂದರು ಕಾಕಾ. "ಮುಂದ ಹೋಗಿ ಹಗೂರಕ ಏಳತೈತಿ. ಫೋಟೋದಾಗ ಇದು ಕಾಣಂಗಿಲ್ಲ. ತಪ್ಪು ನಂದ ಐತ್ರಿ." ಮುಂದಿನ ದೀಪಗಳ ಕಡೆ ನೋಡಿ, "ಮೂತಿ ಮಾತ್ರ ಇನ್ನೂ ಮನಸಿಗೆ ಬರವಲ್ದು," ಎಂದರು. ಎಲ್ಲರೂ ನಕ್ಕೆವು.

ಅಳಿಯ ಒಂದು ಸುತ್ತು ಹೋಗಿ ಬರೋಣ ಎಂದು ಕರೆದ. ಒಳಗೆ ಕುಳಿತರೆ ಕಾರು ಕಾಣುವುದಿಲ್ಲ, ನೀವೇ ಓಡಿಸಿ ಎಂದು ಕಾಕಾ ರಸ್ತೆಬದಿಯಲ್ಲಿ ನಿಂತರು. ಆತ ನಾಲ್ಕು ಸಲ ಆಚೀಚೆ ಓಡಿಸಿದ. ಕಾಕಾ ಕಣ್ಣು ಮಿಟುಕಿಸದೆ ನೋಡಿದರು.

ಬರುವಾಗ ದಾರಿಯಲ್ಲಿ ಚಹಾ ಕುಡಿಯಲು ನಿಂತೆವು. ಕಾಕಾ ತಮ್ಮ ಅಂಗೈ ನೋಡಿಕೊಂಡು ಮೆಲ್ಲಗೆ ಹೇಳಿದರು: "ಕೈಗೆ ತಿಳೀತು ನೋಡ, ತಮ್ಮಾ. ಇನ್ನ ಗ್ಯಾರೇಜ್ ಬಂದ್ ಮಾಡಿದ್ರೂ ನನಗೇನೂ ಅನಸಂಗಿಲ್ಲ."

ಮರು ತಿಂಗಳೇ ಗ್ಯಾರೇಜು ಮುಚ್ಚಿ ಮೂಡಲಗಿಯ ಮಗಳ ಮನೆಗೆ ಹೋದರು. ಮೊಮ್ಮಕ್ಕಳೊಂದಿಗೆ ಎರಡು ವರ್ಷ ಸುಖವಾಗಿದ್ದು, ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಸುದ್ದಿ ತಿಳಿದು ನಾನು ಮನೆಯವರನ್ನು ಮಾತನಾಡಿಸಲು ಹೋದಾಗ ಮಗಳು, ಅಪ್ಪ ಆ ಕಾರಿನ ಸುದ್ದಿಯನ್ನು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ ಎಂದಳು. ಕಾರುಗಳ ಗೊಡವೆಯೇ ಇಲ್ಲದ ಹೆಣ್ಣುಮಗಳು. ಮಾತನಾಡುತ್ತಲೇ ಕೈಯೆತ್ತಿ ಗಾಳಿಯಲ್ಲಿ ಒಂದು ಗೆರೆ ಎಳೆದಳು. ಅದು ನಡುವೆ ತಗ್ಗಿಗಿಳಿದು ಹಗುರವಾಗಿ ಮೇಲೇರಿತು.