ಕ್ಯಾಮೆರಾದ ಮುಂದೆ ಎತ್ತಿದ ಡಬ್ಬಿ

ಅದಿರಿನ ಲಾರಿಗಳು ಬಳ್ಳಾರಿಯ ಗಿಡಮರಗಳಿಗೂ ಕೆಂಪು ಬಳಿದಿದ್ದ ಕಾಲ. ಕೌಲ್ ಬಜಾರಿನ ಟಿವಿ ಮೆಕ್ಯಾನಿಕ್ ಇನಾಯತ್, ಕುರುಗೋಡು ರಸ್ತೆಯ ಅದಿರಿನ ಯಾರ್ಡೊಂದಕ್ಕೆ ಕ್ಯಾಮೆರಾ ಹಾಕಿ, ರೆಕಾರ್ಡರ್ ಪೆಟ್ಟಿಗೆಯನ್ನು ಇಂಟರ್ನೆಟ್ಟಿಗೆ ಜೋಡಿಸಿದ. ಯಾರ್ಡಿನ ಸಾವ್ಕಾರನಿಗೆ ಮನೆಯಲ್ಲೇ ಕೂತು ಅದನ್ನು ನೋಡಬೇಕಿತ್ತು. ಅಲ್ಲಿ ಹಗಲು ಕಾವಲಿಗಿದ್ದವರು ಇನಾಯತನ ಅಬ್ಬಾ, ಅಲ್ಲಾವುದ್ದೀನ್.

ತನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಚಿತ್ರ ಮೂಡಿದ್ದೇ ಇನಾಯತ್ ಅವರಿಗೆ ಫೋನ್ ಹಚ್ಚಿದ.

"ಅಬ್ಬಾ, ನೀವು ಇಲ್ಲಿ ಕಾಣಾಕ ಹತ್ತೀರಿ. ಇನ್ಮ್ಯಾಲೆ ಡಬ್ಬ್ಯಾಗಿನ ರೊಟ್ಟಿ ನಾಯಿಗೆ ಹಾಕಿದ್ರ ಗೊತ್ತಾಗತೈತಿ ನೋಡ್ರಿ!"

ಪರದೆಯೊಳಗೆ ಮುದುಕರು ನಕ್ಕರು.

ಕೆಲಸ ಒಪ್ಪಿಸಿದ ಮೇಲೆ ಗಿರಾಕಿಯ ಪಾಸ್‌ವರ್ಡ್ ಇಟ್ಟುಕೊಳ್ಳುವವನಲ್ಲ ಇನಾಯತ್. ಸಾವ್ಕಾರನ ಕೈಯಿಂದಲೇ ಹೊಸದು ಹಾಕಿಸಿ ಬಂದ. ಇನ್ನು ಮೇಲೆ ತನಗೆ ಏನೂ ಕಾಣುವುದಿಲ್ಲವೆಂದು ಅಬ್ಬಾಗೆ ಹೇಳುವುದು ಮಾತ್ರ ಉಳಿದುಹೋಯಿತು.

ಮರುವರ್ಷ ಅಬ್ಬಾ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದರು, ಎರಡು ತಿಂಗಳಿಗೆ ತೀರಿಕೊಂಡರು. ಮಾತಾಡಿಸಲು ಬಂದ ಸಾವ್ಕಾರ ಚಹಾ ಕುಡಿದಿಟ್ಟು ಕೇಳಿದ:

"ಅಲ್ಲಪಾ ಇನಾಯತ್, ನಿಮ್ಮಪ್ಪ ದಿನಾ ಉಂಡಮ್ಯಾಲೆ ಖಾಲಿ ಡಬ್ಬಿ ಕ್ಯಾಮೆರಾಕ್ಕ ಎತ್ತಿ ತೋರಸ್ತಿದ್ದ. ನಮ್ಮನ್ಯಾಗ ಎಲ್ಲಾರೂ ನೋಡಿ ನಗತಿದ್ವಿ. ಯಾಕ ತೋರಸ್ತಿದ್ದ?"



"ಸಾವ್ಕಾರ್ರ, ಅದು ಪೆಟ್ಟಿಗ್ಯಾಗ ಇನ್ನೂ ಐತೇನ್ರಿ?"

"ನನಗೇನ್ ಗೊತ್ತಪಾ. ಕೂಡಿಸಿದಾಂವ ನೀನು."

ಹೌದು, ಕೂಡಿಸಿದವನು ಅವನೇ. ಹದಿನೈದು ದಿನಕ್ಕೆ ಹಳೆಯದೆಲ್ಲ ಅಳಿಸಿಹೋಗುವಂತೆ ಮಾಡಿಟ್ಟವನೂ ಅವನೇ.