ನಾಲ್ಕು ತಾಲೂಕಿಗೆ ಎಡಸುತ್ತು

೨೦೨೨ರ ನವೆಂಬರ್. ಸಿಂದಗಿಯ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರದ ಉಪನ್ಯಾಸಕ. ನಿವೃತ್ತಿಗೆ ಎಂಟು ತಿಂಗಳು ಬಾಕಿ. ಮೋರಟಗಿ ಕಡೆಯ ಗೈರಾಣದಲ್ಲಿ, ಅಂದರೆ ಊರಿನ ದನ-ಕುರಿ ಮೇಯುವ ಬಯಲಿನಲ್ಲಿ, ಗೋದಾಮು ಕಟ್ಟುವ ಪ್ರಸ್ತಾವ ಬಂದಿತ್ತು. ಅಲ್ಲೊಂದು ತೋಳದ ಗವಿ ಇತ್ತು. ನನಗೆ ಅದನ್ನು ತೋರಿಸಿದವನು ಕುರಿಗಾರ ಬೀರಪ್ಪ. ಗವಿ ಉಳಿಯಬೇಕಾದರೆ ಸುತ್ತಲಿನ ನಾಲ್ಕು ತಾಲೂಕುಗಳ ಜೀವಿಗಳ ದಾಖಲೆಯನ್ನು ಹದಿನೈದು ದಿನದೊಳಗೆ ಪ್ರಸ್ತಾವ ಪರಿಶೀಲಿಸುವ ಸಮಿತಿಯ ಮುಂದಿಡಬೇಕು ಎಂದು ಅಧಿಕಾರಿಗಳು ಹೇಳಿದರು.

ಜೀವಿಗಳನ್ನು ಕಂಡವರು ಕಳಿಸುವ ಇಂಥ ದಾಖಲೆಗಳನ್ನು ಕೂಡಿಹಾಕಿ, ಕೇಳಿದವರಿಗೆ ಕೊಡುವ ಆನ್‌ಲೈನ್ ಸೇವೆಯೊಂದಿದೆ. ಹತ್ತಿಪ್ಪತ್ತಾದರೆ ಪರದೆಯ ಮೇಲೇ ಸಿಗುತ್ತವೆ. ಸಾವಿರಗಟ್ಟಲೆ ಬೇಕೆಂದರೆ ಅರ್ಜಿ ಹಾಕಿ, ಸರದಿಯಲ್ಲಿ ಕಾದು, ಇ-ಮೇಲ್ ಬಂದ ಮೇಲೆ ಫೈಲು ಇಳಿಸಿಕೊಳ್ಳಬೇಕು. ಅದಕ್ಕೆ ತಾಲೂಕೆಂದರೆ ತಿಳಿಯದು. ನಕ್ಷೆಯ ಮೇಲೆ ಗಡಿಯ ಬಿಂದುಗಳನ್ನು ಸಾಲಾಗಿ ಕೊಡಬೇಕು. ಇಂಡಿಯಿಂದ ಹೊರಟು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ಮತ್ತೆ ಇಂಡಿಗೆ ಬಂದೆ.

ನಾಲ್ಕು ದಿನ 'ಸರದಿಯಲ್ಲಿದೆ' ಎಂಬ ಒಂದೇ ಹಾಡು. ರದ್ದು ಮಾಡಿ ಮತ್ತೆ ಹಾಕಿದೆ. ಮತ್ತೆ ನಾಲ್ಕು ದಿನ. ಕೊನೆಗೆ ಬಂದ ಫೈಲು ತೆರೆಯಲು ಹೋದರೆ ಕಾಲೇಜಿನ ಕಂಪ್ಯೂಟರ್ ಮಲಗಿಬಿಟ್ಟಿತು. ಹೇಗೋ ಎಬ್ಬಿಸಿ ನೋಡಿದರೆ ಮೊದಲ ಸಾಲಿನಲ್ಲೇ ಪೆಂಗ್ವಿನ್! ಸಿಂದಗಿ ಬಿಸಿಲಿಗೆ ಪೆಂಗ್ವಿನ್! ಸ್ಟಾಫ್ ರೂಮಿನಲ್ಲಿ ಕುಳಿತು ಆ ಸೇವೆಯ ವಂಶವನ್ನೆಲ್ಲ ಜಾಲಾಡಿದೆ.

ಕಂಪ್ಯೂಟರ್ ಕಲಿಸುವ ದಸ್ತಗೀರ್ ಸರ್ ನನ್ನ ಅರ್ಜಿ ನೋಡಿ ನಕ್ಕರು. "ನೀವು ಬಲಸುತ್ತು ಪ್ರದಕ್ಷಿಣಿ ಹಾಕೀರಿ ಸರ. ಸುತ್ತೋ ಮುಂದ ಎಡಕ್ಕಿರೋದಷ್ಟ ಒಳಗಂತ ಇದು ತಿಳಕೋತೈತಿ. ನೀವು ಕೇಳಿದ್ದು ನಮ್ಮ ನಾಲ್ಕು ತಾಲೂಕು ಬಿಟ್ಟು ಉಳಿದ ಲೋಕಾನ್ರಿ!"

ಎಡಸುತ್ತು ಹಾಕುವುದು ನಮ್ಮಲ್ಲಿ ಸಾವಿನ ಕಾರ್ಯಕ್ಕೆ. ಹಲ್ಲು ಕಚ್ಚಿಕೊಂಡು ಬಿಂದುಗಳನ್ನು ಎಡಸುತ್ತಾಗಿ ಕೊಟ್ಟು ಮತ್ತೆ ಅರ್ಜಿ ಹಾಕಿದೆ. ಸಭೆಯ ಹಿಂದಿನ ದಿನ ಫೈಲು ಬಂತು, ಒಂಬತ್ತು ಸಾವಿರ ಚಿಲ್ಲರೆ ದಾಖಲೆ. ಗೆದ್ದೆ ಎಂದುಕೊಂಡೆ. ಒಳಗೇನಿದೆ ಎಂದು ಸರಿಯಾಗಿ ನೋಡಲೂ ಇಲ್ಲ.

ಸಭೆಯಲ್ಲಿ ಅಧಿಕಾರಿ ಅದನ್ನು ತೆರೆದು 'ತೋಳ' ಎಂದು ಹುಡುಕಿದರು. ಮೋರಟಗಿಯ ಸುತ್ತ ಒಂದೂ ಇಲ್ಲ. "ನಿಮ್ಮ ಫೈಲಿನಾಗನ ಇಲ್ಲಲ್ರಿ," ಎಂದರು.

ಬಾಗಿಲಲ್ಲಿ ನಿಂತಿದ್ದ ಬೀರಪ್ಪ ನನ್ನನ್ನೇ ನೋಡಿದ. "ಮಾಸ್ತರ್ರ, ಹ್ವಾದ ವರ್ಷ ಮೂರು ಮರಿ ತೋರ್ಸಿದ್ನೆಲ್ರಿ. ನನ್ನ ಮುಂದನ ಬರಕೊಂಡ್ರಿ. ಅದು ಎಲ್ಲಿ ಹೋತು?"

ಎಲ್ಲೂ ಹೋಗಿರಲಿಲ್ಲ. ಮೂವತ್ತು ವರ್ಷದ ನೋಟ್‌ಬುಕ್‌ಗಳ ಜೊತೆ ನನ್ನ ಮನೆಯ ಕಪಾಟಿನಲ್ಲಿತ್ತು. ಒಂದು ಸಾಲನ್ನೂ ನಾನು ಆ ಸೇವೆಗೆ ಕಳಿಸಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕೊಡದೆ ಕೇಳಬಾರದು ಎಂಬುದನ್ನು ನೌಕರಿ ನನಗೆ ಕೊನೆಯ ವರ್ಷದಲ್ಲಿ ಕಲಿಸಿತು. ಈಗ ದಿನಾ ಮುಂಜಾನೆ ಒಂದೊಂದು ಪುಟ ಕಳಿಸುತ್ತೇನೆ. ಬೀರಪ್ಪನ ಮೂರು ಮರಿಗಳನ್ನೂ ಕಳಿಸಿದೆ. ಉಪಗ್ರಹ ನಕ್ಷೆಯಲ್ಲಿ ಅವುಗಳ ಗುರುತು ಈಗ ಅಲ್ಲಿ ಎದ್ದಿರುವ ಗೋದಾಮಿನ ತಗಡಿನ ಮೇಲೆ ಬಿದ್ದಿದೆ.