ಗಂಗಮ್ಮನವರ ಕಾರಿನ ಮುಚ್ಚಳ

೧೯೮೨ರ ಹೊತ್ತಿಗೆ ನಾನು ತಿಪಟೂರಿನಲ್ಲಿ ಸ್ವಂತ ಗ್ಯಾರೇಜು ಹಾಕಿ ನಾಲ್ಕು ವರ್ಷವಾಗಿತ್ತು. ಗ್ಯಾರೇಜು ಎಂದರೆ ಒಂದು ತಗಡಿನ ಷೆಡ್ಡು, ಎರಡು ಜಾಕು, ಗೋಡೆಯ ಮೊಳೆಗಳಲ್ಲಿ ತೂಗುವ ಸ್ಪ್ಯಾನರುಗಳು, ಜೊತೆಗೆ ಎಂಜಿನ್ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲಿಲ್ಲ ಎಂಬ ಜಂಬ. ಆ ಜಂಬ ಇಳಿಸಿದ್ದು ಬಿಳಿಗೆರೆಯ ಗಂಗಮ್ಮನವರ ಬೂದು ಬಣ್ಣದ ಹಳೆಯ ಕಾರು.

ಗಂಡ ತೀರಿಕೊಂಡ ಮೇಲೆ ತೋಟ, ಕೊಬ್ಬರಿ ವ್ಯಾಪಾರ ಎರಡನ್ನೂ ಗಂಗಮ್ಮನವರೇ ನಡೆಸುತ್ತಿದ್ದರು. ಕಾರು ಗಂಡ ಕೊಂಡದ್ದು. ಅದನ್ನು ಓಡಿಸುತ್ತಿದ್ದ ರಂಗಪ್ಪನವರೂ ಅದೇ ಕಾಲದವರು, ಅರವತ್ತರ ಹತ್ತಿರದ ಮನುಷ್ಯ. ಕಾರಿನ ಪೆಟ್ರೋಲ್ ಮೀಟರು ಕೆಟ್ಟು ಎಷ್ಟೋ ವರ್ಷವಾಗಿತ್ತು. ರಂಗಪ್ಪನವರು ತೆಂಗಿನ ಗರಿಯ ಕಡ್ಡಿಗೆ ಚಾಕುವಿನಿಂದ ಗೀರು ಹಾಕಿ, ಟ್ಯಾಂಕಿನೊಳಕ್ಕೆ ಇಳಿಬಿಟ್ಟು ಅಳೆಯುತ್ತಿದ್ದರು. ಹೊಸ ಮೀಟರು ಹಾಕುತ್ತೇನೆ ಎಂದರೆ, "ಕಡ್ಡಿ ಸುಳ್ಳು ಹೇಳಾಕಿಲ್ಲ ಕಣಪ್ಪ, ಬುಡು" ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಗಂಗಮ್ಮನವರು ಬೇರೆಯೇ ದೂರು ತಂದರು. ಡಿಕ್ಕಿಯಲ್ಲಿ ಕೊಬ್ಬರಿಯ ಸ್ಯಾಂಪಲ್ ಚೀಲ ಇಟ್ಟುಕೊಂಡು ಮಂಡಿಗೆ ಹೋಗಿದ್ದರಂತೆ. ಕೊಳ್ಳುವವನು ಒಂದು ಗಿಟುಕು ಒಡೆದು ಮೂಸಿ, ಮುಖ ಸಿಂಡರಿಸಿ ಕೆಳಗಿಟ್ಟನಂತೆ. ಕೊಬ್ಬರಿ ಪಕ್ಕದಲ್ಲಿರುವ ಯಾವ ವಾಸನೆಯನ್ನೂ ಬಿಡದೆ ಹೀರಿಕೊಳ್ಳುತ್ತದೆ. ಪೆಟ್ರೋಲ್ ತುಂಬುವ ಬಾಯಿ ಡಿಕ್ಕಿಗೆ ಅಂಟಿಕೊಂಡೇ ಇತ್ತು. "ಹನ್ನೊಂದು ತಿಂಗಳು ಅಟ್ಟದ ಮ್ಯಾಲೆ ಕಾದಿರೋ ಸರಕು ಕಣಪ್ಪ, ಹೆಂಗಾದ್ರೂ ಆ ವಾಸ್ನೆ ನಿಲ್ಸು" ಎಂದರು. ನಾನು ಟ್ಯಾಂಕಿನ ಮುಚ್ಚಳಕ್ಕೆ ದಪ್ಪ ರಬ್ಬರ್ ವಾಷರ್ ಕತ್ತರಿಸಿ ಹಾಕಿದೆ. ಮುಚ್ಚಳದಲ್ಲಿದ್ದ ಸೂಜಿಮೊನೆಯಷ್ಟು ತೂತಿಗೂ ಬೆಸುಗೆ ಹಚ್ಚಿದೆ. ವಾಸನೆ ನಿಂತಿತು. ಅಮ್ಮನವರು ಖುಷಿಯಾಗಿ ಒಂದು ಗೊನೆ ಎಳನೀರು ಕಳಿಸಿದರು. ನಾನೂ ಆ ಕೆಲಸ ಮರೆತೆ.

ಮಳೆಗಾಲ ಮುಗಿದ ಮೇಲೆ ಅವರು ಕಾಯಿ ಕೊಳ್ಳಲು ದೂರದ ಚಿಕ್ಕನಾಯಕನಹಳ್ಳಿ ಕಡೆಗೆ ಓಡಾಡತೊಡಗಿದರು. ತೊಂದರೆ ಶುರುವಾದದ್ದು ಆಗ. ಹತ್ತು ಹನ್ನೆರಡು ಮೈಲಿ ಸಲೀಸಾಗಿ ಓಡಿದ ಕಾರು ಏರಿನಲ್ಲಿ ಎಳೆತ ಕಳೆದುಕೊಂಡು, ಜಗ್ಗಿ ಜಗ್ಗಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದಂತೆ ಹೊರಡುತ್ತಿತ್ತು. ಮೊದಲ ಸಲ ಬಂದಾಗ ಕಿಡಿ ಹುಟ್ಟಿಸುವ ಪಾಯಿಂಟು ಮತ್ತು ಕಂಡೆನ್ಸರ್ ಬದಲಾಯಿಸಿದೆ. ಎರಡನೆಯ ಸಲ ಕಾರ್ಬುರೇಟರ್ ಬಿಚ್ಚಿ ಪೆಟ್ರೋಲ್ ಚಿಮ್ಮಿಸುವ ಜೆಟ್ ತೊಳೆದೆ. ಮೂರನೆಯ ಸಲ ಪೆಟ್ರೋಲ್ ಪಂಪು ಬಿಚ್ಚಿ ಪೆಟ್ರೋಲ್ ಎಳೆಯುವ ಅದರ ಡಯಾಫ್ರಾಂ ಹೊಸದು ಹಾಕಿದೆ. ಷೆಡ್ಡಿನಲ್ಲಿ ಎಂಜಿನ್ ಗಂಟೆಗಟ್ಟಲೆ ಗುನುಗುತ್ತಿತ್ತು, ಊರು ಸುತ್ತಿಸಿದರೂ ಕೆಮ್ಮಲಿಲ್ಲ.

ನಾಲ್ಕನೆಯ ಸಲ ಗಂಗಮ್ಮನವರೂ ಜೊತೆಗೆ ಬಂದಿದ್ದರು. ಹಿಂದಿನ ದಿನ ಕಾರು ಏರಿನಲ್ಲಿ ನಿಂತು ಹಿಂದಕ್ಕೆ ಜಾರಿ, ಹಿಂದಿನಿಂದ ಬರುತ್ತಿದ್ದ ಲಾರಿಗೆ ಒಂದು ಮಾರು ದೂರದಲ್ಲಿ ನಿಂತಿತ್ತಂತೆ. ಅವರಿನ್ನೂ ಹೆದರಿದ್ದರು. ನನಗೋ ಸಿಟ್ಟು ನೆತ್ತಿಗೇರಿತ್ತು. "ಗಾಡೀಲಿ ಏನೂ ತೊಂದ್ರೆ ಇಲ್ಲ ಅಮ್ಮಾರೆ" ಎಂದುಬಿಟ್ಟೆ.

"ಅಂಗಾದ್ರೆ ರಂಗಪ್ಪನ ಕೈಲೇ ತೊಂದ್ರೆ ಅಂದಂಗಾಯ್ತು" ಎಂದರು ಅವರು. "ವಯಸ್ಸಾಯ್ತು ಅವನಿಗೂ. ಸೋಮವಾರದಿಂದ ಬ್ಯಾರೆ ಡ್ರೈವರ್ನ ನೋಡ್ತೀನಿ."

ರಂಗಪ್ಪನವರು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ಪರವಾಗಿ ನಾನು ಒಂದು ಮಾತು ಹೇಳಲಿಲ್ಲ. ಆ ಮೌನಕ್ಕೆ ಈಗಲೂ ನಾಚಿಕೆಪಡುತ್ತೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಡ್ರೈವರು ಡೊಂಕು ಎಂದು ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಭಾನುವಾರ ಬೆಳಿಗ್ಗೆ ಬಿಳಿಗೆರೆಗೆ ಹೋಗಿ, ಚಿಕ್ಕನಾಯಕನಹಳ್ಳಿ ದಾರಿಯಲ್ಲಿ ಒಮ್ಮೆ ನಾನೇ ಓಡಿಸಿ ನೋಡುತ್ತೇನೆ ಎಂದೆ. ರಂಗಪ್ಪನವರು ಪಕ್ಕದಲ್ಲಿ ಕುಳಿತರು. ಹನ್ನೆರಡನೆಯ ಮೈಲಿಗೆ ಆಕ್ಸಿಲರೇಟರ್ ತುಳಿದರೂ ಎಳೆತವಿಲ್ಲ. ಕಾರು ಜಗ್ಗಿ ನಿಂತಿತು, ನನ್ನ ಕೈಯಲ್ಲೇ.

ರಂಗಪ್ಪನವರು ಅಭ್ಯಾಸದಂತೆ ಕಡ್ಡಿ ಹಿಡಿದು ಇಳಿದರು. ನಾನು ತಡೆದೆ. ಈ ಸಲ ಎಲ್ಲವನ್ನೂ ಕ್ರಮವಾಗಿ ನೋಡಬೇಕಿತ್ತು. ಕಿಡಿ ಚೆನ್ನಾಗಿತ್ತು. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪು ಬಿಚ್ಚಿ ಎಂಜಿನ್ ತಿರುಗಿಸಿದರೆ ಹನಿ ಪೆಟ್ರೋಲ್ ಇಲ್ಲ. ಕಾಲು ಗಂಟೆ ಕಾದೆವು, ಆಗಲೂ ಇಲ್ಲ. ಹಾಗಾದರೆ ಕಾರು ಪ್ರತಿಸಲ ತಾನಾಗಿ ಹೇಗೆ ಸರಿಹೋಗುತ್ತಿತ್ತು?

"ನಿಂತಾಗೆಲ್ಲ ಮೊದ್ಲು ಏನು ಮಾಡ್ತಿದ್ರಿ ರಂಗಪ್ಪಣ್ಣ?"

"ಇನ್ನೇನು, ಕಡ್ಡಿ ಬುಟ್ಟು ನೋಡ್ತಿದ್ದೆ. ಪೆಟ್ರೋಲು ಇರ್ತಿತ್ತು. ಆಮ್ಯಾಕೆ ಹೊರಡ್ತಿತ್ತು."

"ಈಗ ನೋಡಿ."

ಅವರು ಮುಚ್ಚಳ ತಿರುಗಿಸಿದ ಕೂಡಲೇ 'ಉಸ್' ಎಂದು ಗಾಳಿ ಒಳಕ್ಕೆ ನುಗ್ಗಿತು. ಮತ್ತೆ ಎಂಜಿನ್ ತಿರುಗಿಸಿದರೆ ಪೈಪಿನಲ್ಲಿ ಪೆಟ್ರೋಲ್ ಚಿಮ್ಮಿತು. ಟ್ಯಾಂಕಿನಿಂದ ಪೆಟ್ರೋಲ್ ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಹೋಗಬೇಕು, ಇಲ್ಲದಿದ್ದರೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಮುಚ್ಚಳದ ಆ ತೂತು ಇದ್ದದ್ದೇ ಅದಕ್ಕೆ. ಷೆಡ್ಡಿಗೆ ಬಂದಾಗಲೆಲ್ಲ ರಂಗಪ್ಪನವರು ಮೊದಲು ಮುಚ್ಚಳ ತೆಗೆದು ಅಳೆಯುತ್ತಿದ್ದರು, ಕಾಯಿಲೆ ಅಲ್ಲಿಗೇ ಮಾಯವಾಗುತ್ತಿತ್ತು. ಮುಚ್ಚಳ ಕೈಗೆ ತೆಗೆದುಕೊಂಡೆ. ನಡುವೆ ನನ್ನದೇ ಬೆಸುಗೆ ಹೊಳೆಯುತ್ತಿತ್ತು.

ಬಿಳಿಗೆರೆಗೆ ಹಿಂದಿರುಗಿ ಗಂಗಮ್ಮನವರ ಮುಂದೆ ಮುಚ್ಚಳ ಇಟ್ಟು, ತಪ್ಪು ನನ್ನದು, ರಂಗಪ್ಪಣ್ಣನದಲ್ಲ ಎಂದೆ. ಅವರು ಮುಚ್ಚಳವನ್ನು ಕೈಗೆತ್ತಿಕೊಂಡು ಬೆಸುಗೆಯ ಮೇಲೆ ಬೆರಳಾಡಿಸಿದರು.

"ಅಟ್ಟಕ್ಕೆ ಗಾಳಿ ಆಡಾಕೆ ಸಂದಿ ಬುಡದಂಗೆ ಹಲಗೆ ಹೊಡುದ್ರೆ ಕಾಯಿ ಕೊಳೀತದೆ ಅಂತ ನನಗ್ ಗೊತ್ತಿತ್ತು ಕಣಪ್ಪ. ಮುಚ್ಚು ಅಂತ ಹೇಳ್ದೋಳೂ ನಾನೇ" ಎಂದು ರಂಗಪ್ಪನವರ ಕಡೆ ತಿರುಗಿದರು. "ನಾಳೆ ಹೊತ್ತಿಗ್ಮುಂಚೆ ಬಾ ರಂಗಪ್ಪ. ಹುಳಿಯಾರಿಗೆ ಹೋಗ್ಬೇಕು." ಅಮ್ಮನವರು ಕ್ಷಮೆ ಕೇಳಿದ್ದು ಹೀಗೆ. ರಂಗಪ್ಪನವರು ಟವಲಿನಿಂದ ಮುಖ ಒರೆಸಿಕೊಂಡರು. ಬೆವರಿರಲಿಲ್ಲ.

ನಾನು ಬೆಸುಗೆ ಕಿತ್ತು ತೂತು ಬಿಡಿಸಿದೆ. ಅಂದಿನಿಂದ ಸ್ಯಾಂಪಲ್ ಚೀಲ ಪೆಟ್ರೋಲ್ ವಾಸನೆ ತಾಗದಂತೆ ಮುಂದಿನ ಸೀಟಿನಲ್ಲಿ ರಂಗಪ್ಪನವರ ಪಕ್ಕ ಕೂತು ಮಂಡಿಗೆ ಹೋಗುತ್ತಿತ್ತು.

ಮುಂದೆ ಮೂವತ್ತು ವರ್ಷ ಗ್ಯಾರೇಜು ನಡೆಸಿದೆ. "ಗಾಡೀಲಿ ತೊಂದ್ರೆ ಇಲ್ಲ" ಎಂಬ ಮಾತು ಮತ್ತೆ ನನ್ನ ಬಾಯಲ್ಲಿ ಬರಲಿಲ್ಲ. "ನನಗಿನ್ನೂ ಸಿಕ್ಕಿಲ್ಲ" ಎನ್ನುವುದನ್ನು ಕಲಿತೆ. ರಂಗಪ್ಪನವರು ಬದುಕಿದ್ದ ತನಕ ಯಾವಾಗ ಷೆಡ್ಡಿಗೆ ಬಂದರೂ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಬಿಸಿಲಿಗೆ ಹಿಡಿದು, ಆ ತೂತಿನಿಂದ ನನ್ನನ್ನೇ ನೋಡುತ್ತಿದ್ದರು. "ಮೇಸ್ತ್ರಿ ಕಾಣ್ತಾವ್ರೆ. ಗಾಡಿ ಓಡ್ತದೆ ಬುಡು" ಎಂದು ನಗುತ್ತಿದ್ದರು.